ಗಿರಿಯವರ ಹೆಸರು ಬೇಕು, ಗಿರಿಯವರ ಮಾತು ಬೇಡ

ಪಿಡಿಒ, ಎಫ್‌ಡಿಎ, ಎಸ್‌ಡಿಎ, ಕಾನ್‌ಸ್ಟೇಬಲ್ ಹೀಗೆ ಯಾವ ಪರೀಕ್ಷೆಯ ಗೈಡ್ ತೆರೆದರೂ ಒಂದು ಪ್ರಶ್ನೆ ಸಿಕ್ಕೇ ಸಿಗುತ್ತದೆ. ‘ಪಕ್ಷೇತರನಾಗಿ ಗೆದ್ದು ರಾಷ್ಟ್ರಪತಿಯಾದವರು ಯಾರು?’ ಉತ್ತರ ನಮಗೆಲ್ಲ ಬಾಯಿಪಾಠ: ವಿ.ವಿ. ಗಿರಿ. ಹಂಗಾಮಿ ರಾಷ್ಟ್ರಪತಿಯಾಗಿದ್ದು ಆಮೇಲೆ ಪೂರ್ಣಾವಧಿಗೆ ಆಯ್ಕೆಯಾದವರು ಯಾರು? ಮೈಸೂರು ರಾಜ್ಯದ ರಾಜ್ಯಪಾಲರಾಗಿದ್ದು ಮುಂದೆ ರಾಷ್ಟ್ರಪತಿಯಾದವರು ಯಾರು? ಅದಕ್ಕೂ ಅದೇ ಉತ್ತರ. ನಾವು ಪತ್ರಿಕೋದ್ಯಮ ಓದುವಾಗಲೂ, ಓದಿ ಮುಗಿಸಿ ಕೆಲಸ ಸಿಗದೆ ಊರಿನ ಗ್ರಂಥಾಲಯದ ಬೆಂಚಿನ ಮೇಲೆ ಕೂತಾಗಲೂ ಈ ಉತ್ತರಕ್ಕೆ ಗುರುತು ಹಾಕಿದವರೇ.

ಗೈಡುಗಳು ಕೇಳದ ಪ್ರಶ್ನೆ ಇನ್ನೊಂದಿದೆ. 1954ರ ಆಗಸ್ಟ್‌ನಲ್ಲಿ ಕೇಂದ್ರದ ಕಾರ್ಮಿಕ ಸಚಿವರು ನೆಹರೂ ಸಂಪುಟಕ್ಕೆ ರಾಜೀನಾಮೆ ಕೊಟ್ಟು ಹೊರನಡೆದದ್ದು ಯಾಕೆ? ಆ ಸಚಿವರೂ ಇದೇ ಗಿರಿ. ಬ್ಯಾಂಕ್ ಗುಮಾಸ್ತರಿಗೆ ನ್ಯಾಯಮಂಡಳಿ ಕೊಟ್ಟಿದ್ದನ್ನು ತಮ್ಮದೇ ಸರ್ಕಾರ ಕಡಿತ ಮಾಡಿತು ಎಂಬ ಕಾರಣಕ್ಕೆ ಅವರು ಕುರ್ಚಿ ಬಿಟ್ಟರು. ಅವರ ಇಡೀ ಸಾರ್ವಜನಿಕ ಬದುಕಿನಲ್ಲಿ ನಮಗೆ ಉಪಯೋಗಕ್ಕೆ ಬರುವ ಘಟನೆ ಇದೊಂದೇ ಎಂದರೂ ನಡೆದೀತು. ಅದನ್ನೇ ನಾವು ಮರೆತಿದ್ದೇವೆ. ಮರೆತಿದ್ದೇವೆ ಅನ್ನುವುದಕ್ಕಿಂತ, ನಮ್ಮಿಂದ ಮರೆಸಲಾಗಿದೆ ಅನ್ನುವುದು ಹೆಚ್ಚು ಸರಿ.

ನೊಯ್ಡಾದಲ್ಲಿ ಕೇಂದ್ರ ಕಾರ್ಮಿಕ ಸಚಿವಾಲಯದ ಅಧೀನದಲ್ಲಿ ಒಂದು ರಾಷ್ಟ್ರೀಯ ಕಾರ್ಮಿಕ ಸಂಸ್ಥೆ ಇದೆ. ಕಾರ್ಮಿಕ ಇಲಾಖೆಯ ಅಧಿಕಾರಿಗಳು ತರಬೇತಿಗೆ ಹೋಗುವುದು ಅಲ್ಲಿಗೆ. ಆ ಸಂಸ್ಥೆಯ ಹೆಸರು ವಿ.ವಿ. ಗಿರಿ ರಾಷ್ಟ್ರೀಯ ಕಾರ್ಮಿಕ ಸಂಸ್ಥೆ. ಬಾಗಿಲ ಮೇಲೆ ಅವರ ಹೆಸರಿದೆ. ಆದರೆ ಅವರು ಜೀವಮಾನವಿಡೀ ಹೇಳಿದ ಮಾತಿಗೆ ಈ ದೇಶದ ಕಾರ್ಮಿಕ ಕಾನೂನಿನಲ್ಲಿ ಅಂದೂ ಜಾಗ ಇರಲಿಲ್ಲ, ಇಂದು ಇನ್ನೂ ಕಡಿಮೆಯಾಗಿದೆ. ನಮ್ಮ ತಕರಾರು ಇದೇ.

ಏನು ಆ ಮಾತು? ಅದನ್ನು ತಿಳಿಯಲು ಅವರು ನಡೆದು ಬಂದ ದಾರಿ ನೋಡಬೇಕು.

ವರಾಹಗಿರಿ ವೆಂಕಟ ಗಿರಿ ಹುಟ್ಟಿದ್ದು 1894ರಲ್ಲಿ, ಆಗ ಮದ್ರಾಸ್ ಪ್ರಾಂತದಲ್ಲಿದ್ದ, ಈಗ ಒಡಿಶಾದಲ್ಲಿರುವ ಬ್ರಹ್ಮಪುರದ ತೆಲುಗು ಮನೆಯಲ್ಲಿ. ಅಪ್ಪ ವಕೀಲರು. ಮಗ ಕಾನೂನು ಓದಲು ಹೋದದ್ದು ಲಂಡನ್ನಿಗಲ್ಲ, ಐರ್ಲೆಂಡಿನ ಡಬ್ಲಿನ್‌ಗೆ, 1913ರಲ್ಲಿ. ಆ ವರ್ಷ ಡಬ್ಲಿನ್‌ನಲ್ಲಿ ಏನಾಗುತ್ತಿತ್ತು ಗೊತ್ತೇ? ಯೂನಿಯನ್ ಸೇರುವುದಿಲ್ಲ ಎಂದು ಸಹಿ ಹಾಕಿಕೊಡಿ, ಇಲ್ಲವೇ ಮನೆಗೆ ಹೋಗಿ ಎಂದು ಮಾಲೀಕರು ಒಟ್ಟಾಗಿ ಸುಮಾರು 20 ಸಾವಿರ ಕಾರ್ಮಿಕರನ್ನು ಗೇಟಿನ ಹೊರಗೆ ನಿಲ್ಲಿಸಿದ್ದರು. ಆ ಲಾಕೌಟ್ ತಿಂಗಳುಗಟ್ಟಲೆ ನಡೆಯಿತು. ಅಲ್ಲಿನ ಕಾರ್ಮಿಕ ನಾಯಕ ಜೇಮ್ಸ್ ಕೊನೊಲಿಯ ಪ್ರಭಾವ ತಮ್ಮ ಮೇಲಾಯಿತೆಂದು ಗಿರಿ ಮುಂದೆ ಹೇಳಿಕೊಂಡಿದ್ದಾರೆ. 1916ರ ಈಸ್ಟರ್ ದಂಗೆಯ ನಂತರ ಬ್ರಿಟಿಷರು ಕೊನೊಲಿಯನ್ನು ಗುಂಡಿಕ್ಕಿ ಕೊಂದರು. ಐರಿಷ್ ಹೋರಾಟಗಾರರ ನಂಟಿದೆಯೆಂದು ಗಿರಿಯವರಿಗೆ ದೇಶ ಬಿಡಲು ಆದೇಶ ಬಂತು.

ಊರಿಗೆ ಬಂದ ಬ್ಯಾರಿಸ್ಟರ್ ಕೋರ್ಟಿನಲ್ಲಿ ಹಣ ಮಾಡುತ್ತ ಕೂರಬಹುದಿತ್ತು. ಅವರು ರೈಲ್ವೆ ಕಾರ್ಮಿಕರ ನಡುವೆ ಹೋದರು. ಬಂಗಾಳ ನಾಗಪುರ ರೈಲ್ವೆಯಲ್ಲಿ ಸಂಘ ಕಟ್ಟಿದರು. 1928ರಲ್ಲಿ ಆ ಕಂಪನಿ ಕೆಲಸಗಾರರನ್ನು ಕಿತ್ತುಹಾಕಲು ಹೊರಟಾಗ ಶಾಂತಿಯುತ ಮುಷ್ಕರ ನಡೆಸಿ ಕಂಪನಿಯನ್ನು ಮಾತುಕತೆಗೆ ಕೂರಿಸಿದರು. ಅಖಿಲ ಭಾರತ ರೈಲ್ವೆ ನೌಕರರ ಫೆಡರೇಷನ್ನಿನ ಸ್ಥಾಪಕರಲ್ಲಿ ಅವರೂ ಒಬ್ಬರು. ಎಐಟಿಯುಸಿಗೆ ಎರಡು ಸಲ ಅಧ್ಯಕ್ಷರಾದರು. 1927ರಲ್ಲಿ ಜಿನೀವಾದ ಅಂತರರಾಷ್ಟ್ರೀಯ ಕಾರ್ಮಿಕ ಸಮ್ಮೇಳನಕ್ಕೆ ಭಾರತದ ಕಾರ್ಮಿಕರ ಪ್ರತಿನಿಧಿಯಾಗಿ ಹೋದರು.

1937ರಲ್ಲಿ ರಾಜಾಜಿ ಮಂತ್ರಿಮಂಡಲದಲ್ಲಿ ಮದ್ರಾಸ್ ಪ್ರಾಂತದ ಕಾರ್ಮಿಕ ಮತ್ತು ಕೈಗಾರಿಕಾ ಮಂತ್ರಿಯಾದರು. ಆಗ ದಕ್ಷಿಣ ಕನ್ನಡವೂ ಬಳ್ಳಾರಿಯೂ ಅದೇ ಪ್ರಾಂತದಲ್ಲಿದ್ದವು. ಮಂಗಳೂರಿನ ಹೆಂಚಿನ ಕಾರ್ಖಾನೆಯಲ್ಲಿ ಮಣ್ಣು ಹೊರುತ್ತಿದ್ದ, ಬೀಡಿ ಸುತ್ತುತ್ತಿದ್ದ ನಮ್ಮ ಅಜ್ಜಿಯರ ಕಾಲದವರಿಗೂ ಕಾಗದದ ಮೇಲೆ ಗಿರಿಯವರೇ ಮಂತ್ರಿ. ಸ್ವಾತಂತ್ರ್ಯ ಬಂದ ಮೇಲೆ ಸಿಲೋನಿನಲ್ಲಿ ಹೈಕಮಿಷನರ್ ಆಗಿದ್ದು ಮರಳಿ, 1952ರ ಮೊದಲ ಚುನಾವಣೆಯಲ್ಲಿ ಗೆದ್ದು ಕೇಂದ್ರದ ಕಾರ್ಮಿಕ ಸಚಿವರಾದರು.

ಗೇಟಿನ ಹೊರಗೆ ನಿಂತು ಕೂಗಿದವನೇ ಈಗ ಗೇಟಿನ ಒಳಗಿನ ಕುರ್ಚಿಯಲ್ಲಿ ಕೂತಿದ್ದ. ಇಂಥ ಕಡೆ ಮನುಷ್ಯರು ಸಾಮಾನ್ಯವಾಗಿ ಏನು ಮಾಡುತ್ತಾರೆ? ‘ನಾನಿದ್ದೇನಲ್ಲ, ಇನ್ನು ನೀವು ಸುಮ್ಮನಿರಿ’ ಅನ್ನುತ್ತಾರೆ. ನಮ್ಮ ಕಾಲದ ಎಷ್ಟು ಮಂದಿ ಹೋರಾಟಗಾರರು ನಿಗಮ-ಮಂಡಳಿಯ ಕುರ್ಚಿ ಸಿಕ್ಕ ಮೇಲೆ ಇದನ್ನೇ ಹೇಳಿಲ್ಲ? ಗಿರಿ ಹೇಳಿದ್ದು ತದ್ವಿರುದ್ಧ. ‘ನನ್ನ ಇಲಾಖೆಯನ್ನು ನಂಬಿಕೊಂಡು ಕೂರಬೇಡಿ’ ಎಂಬುದು ಅವರ ಮಾತಿನ ಸಾರ.

1947ರ ಕೈಗಾರಿಕಾ ವಿವಾದಗಳ ಕಾಯ್ದೆ ಹೇಗೆ ಕೆಲಸ ಮಾಡುತ್ತಿತ್ತು ಎಂಬುದನ್ನು ನೋಡಿದರೆ ಇದು ಅರ್ಥವಾಗುತ್ತದೆ. ಕಾರ್ಖಾನೆಯಲ್ಲಿ ತಕರಾರು ಬಂದರೆ ಕಾರ್ಮಿಕ ಅಧಿಕಾರಿ ಇಬ್ಬರನ್ನೂ ಕರೆದು ಸಂಧಾನ ಮಾಡುತ್ತಾರೆ. ಸಂಧಾನ ಮುರಿದರೆ ಸರ್ಕಾರಕ್ಕೆ ವರದಿ. ಅದನ್ನು ನ್ಯಾಯಮಂಡಳಿಗೆ ಒಪ್ಪಿಸಬೇಕೋ ಬೇಡವೋ ಎಂದು ನಿರ್ಧರಿಸುವುದು ಸರ್ಕಾರ. ಒಪ್ಪಿಸಿದ ಮೇಲೆ ಮುಷ್ಕರ ಮಾಡುವಂತಿಲ್ಲ. ವರ್ಷಗಟ್ಟಲೆ ವಿಚಾರಣೆ. ಕೊನೆಗೆ ತೀರ್ಪು ಬಂದರೆ ಅದನ್ನು ಪ್ರಕಟಿಸುವುದೂ ಸರ್ಕಾರವೇ. ಕೆಲವು ಸಂದರ್ಭಗಳಲ್ಲಿ ಆ ತೀರ್ಪನ್ನು ತಳ್ಳಿಹಾಕುವ, ತಿದ್ದುವ ಅಧಿಕಾರವೂ ಸರ್ಕಾರದ್ದೇ. ಹೀಗೆ ಮೊದಲಿಂದ ಕೊನೆಯ ತನಕ ಕಾರ್ಮಿಕ ಅರ್ಜಿದಾರ, ಅಧಿಕಾರಿ ಧಣಿ. ಯೂನಿಯನ್ ನಾಯಕ ಕಾರ್ಮಿಕರ ಮನೆಮನೆಗೆ ಹೋಗುವುದನ್ನು ಬಿಟ್ಟು ವಕೀಲರ ಮನೆಗೆ ಓಡಾಡುತ್ತಾನೆ. ಸಂಘಕ್ಕೆ ಸದಸ್ಯರಿಗಿಂತ ಅಧಿಕಾರಿಯ ಪರಿಚಯ ಮುಖ್ಯವಾಗುತ್ತದೆ.

ಈ ಕಡ್ಡಾಯ ತೀರ್ಪಿನ ಪದ್ಧತಿಯನ್ನು ಗಿರಿ ಅಸಮಾಧಾನದ ವಾಸನೆ ಹಿಡಿದು ಕಾಯುವ ಪೊಲೀಸಿನವನಿಗೆ ಹೋಲಿಸಿದ್ದರು. ಅವರ ಲೆಕ್ಕ ನೇರ: ಮಾಲೀಕ ಸಂಘವನ್ನು ಒಪ್ಪಲೇಬೇಕು. ಇಬ್ಬರೂ ಎದುರುಬದುರು ಕೂತು ಮಾತಾಡಬೇಕು. ಬಗೆಹರಿಯದಿದ್ದರೆ ಇಬ್ಬರೂ ಒಪ್ಪಿದ ಮಧ್ಯಸ್ಥನ ಹತ್ತಿರ ಹೋಗಬೇಕು. ಸರ್ಕಾರದ ಕಡ್ಡಾಯ ತೀರ್ಪು ತೀರಾ ಅನಿವಾರ್ಯವಾದಾಗ ಮಾತ್ರ. ಇದಕ್ಕೆ ಆ ಕಾಲದವರು ‘ಗಿರಿ ಮಾರ್ಗ’ ಎಂದೇ ಹೆಸರಿಟ್ಟರು.

1952ರಲ್ಲಿ ನೈನಿತಾಲ್‌ನಲ್ಲಿ ನಡೆದ ಭಾರತೀಯ ಕಾರ್ಮಿಕ ಸಮ್ಮೇಳನದಲ್ಲಿ ಈ ವಿಷಯ ಚರ್ಚೆಗೆ ಬಂತು. ಮಾಲೀಕರು ಒಪ್ಪಲಿಲ್ಲ, ಅದು ಸಹಜ. ಆಳುವ ಪಕ್ಷದ ಹತ್ತಿರವಿದ್ದ ಐಎನ್‌ಟಿಯುಸಿ ಕೂಡ ಕಡ್ಡಾಯ ತೀರ್ಪೇ ಇರಲಿ ಎಂದಿತು. ಸರ್ಕಾರದೊಳಗೂ ಒಪ್ಪುವವರು ಕಡಿಮೆ. ಅಧಿಕಾರ ಬಿಟ್ಟುಕೊಡುತ್ತೇನೆ ಅನ್ನುವ ಮಂತ್ರಿಯನ್ನು ಯಾರು ಇಷ್ಟಪಡುತ್ತಾರೆ? ಹೊಸ ಕಾಯ್ದೆ ತರುವ ಅವರ ಪ್ರಯತ್ನ ದಡ ಸೇರಲಿಲ್ಲ.

ಆಗ ಬಂತು ಬ್ಯಾಂಕಿನ ತಗಾದೆ. ನಮ್ಮ ಕರಾವಳಿಯ ಹಳೆಯ ಬ್ಯಾಂಕ್ ನೌಕರರನ್ನು ಮಾತಿಗೆಳೆದರೆ ಇವತ್ತಿಗೂ ‘ಶಾಸ್ತ್ರಿ ಅವಾರ್ಡ್’ ಎಂಬ ಹೆಸರು ಬಾಯಿಗೆ ಬರುತ್ತದೆ. ಅದರ ಕತೆ ಇದು. ಆಗ ಬ್ಯಾಂಕುಗಳು ಖಾಸಗಿಯವರ ಕೈಯಲ್ಲಿದ್ದವು. ನೌಕರರ ಸಂಬಳದ ವಿವಾದ 1949ರಲ್ಲಿ ಸೇನ್ ನ್ಯಾಯಮಂಡಳಿಗೆ ಹೋಯಿತು. 1950ರಲ್ಲಿ ತೀರ್ಪು ಬಂತು. ಮಂಡಳಿಯ ರಚನೆಯಲ್ಲೇ ದೋಷವಿದೆಯೆಂದು ಸುಪ್ರೀಂ ಕೋರ್ಟ್ 1951ರಲ್ಲಿ ಆ ತೀರ್ಪನ್ನು ರದ್ದು ಮಾಡಿತು. ಮತ್ತೆ ಹೊಸದಾಗಿ ಶಾಸ್ತ್ರಿ ನ್ಯಾಯಮಂಡಳಿ. 1953ರಲ್ಲಿ ಅದರ ತೀರ್ಪು. ಅದರ ಮೇಲೆ ಮೇಲ್ಮನವಿ. 1954ರ ಏಪ್ರಿಲ್‌ನಲ್ಲಿ ಕಾರ್ಮಿಕ ಮೇಲ್ಮನವಿ ಮಂಡಳಿಯ ತೀರ್ಪು. ಐದು ವರ್ಷ, ಮೂರು ತೀರ್ಪು. ಅಷ್ಟಾದ ಮೇಲೆ ಆಗಸ್ಟ್‌ನಲ್ಲಿ ಸರ್ಕಾರ ಬ್ಯಾಂಕುಗಳಿಗೆ ಹೊರೆಯಾಗುತ್ತದೆಂದು ಆ ಕೊನೆಯ ತೀರ್ಪನ್ನೂ ತಿದ್ದಿ ನೌಕರರಿಗೆ ಸಿಕ್ಕಿದ್ದನ್ನು ಮೊಟಕುಗೊಳಿಸಿತು.

ಗಿರಿ ಟೀಕಿಸುತ್ತಿದ್ದ ಪದ್ಧತಿ ಅವರ ಕಣ್ಣೆದುರೇ, ಅವರ ಇಲಾಖೆಯ ಹೆಸರಿನಲ್ಲೇ ಹೀಗೆ ಮುಖ ತೋರಿಸಿತು. ಮುಷ್ಕರ ಬಿಟ್ಟು ನ್ಯಾಯ ಕೇಳಿ ಎಂದು ಕಾರ್ಮಿಕರಿಗೆ ಹೇಳುವುದು, ನ್ಯಾಯ ಸಿಕ್ಕ ದಿನ ಅದನ್ನು ಕಿತ್ತುಕೊಳ್ಳುವುದು. ಇದಕ್ಕೆ ಸಹಿ ಹಾಕಿ ಸುಮ್ಮನಿರಲು ಅವರಿಂದಾಗಲಿಲ್ಲ. ರಾಜೀನಾಮೆ ಕೊಟ್ಟರು. ಗದ್ದಲವಾಯಿತು. ಸರ್ಕಾರ ಆಯೋಗ ನೇಮಿಸಬೇಕಾಯಿತು. ನ್ಯಾಯಮೂರ್ತಿ ಗಜೇಂದ್ರಗಡ್ಕರ್ ವರದಿ ಕೊಟ್ಟರು. ಮೇಲ್ಮನವಿ ಮಂಡಳಿಯ ತೀರ್ಪನ್ನು ಆಯೋಗದ ತಿದ್ದುಪಡಿಗಳೊಂದಿಗೆ ಜಾರಿಗೆ ತರುವ ಕಾಯ್ದೆ 1955ರಲ್ಲಿ ಬಂತು.

ಎರಡು ವರ್ಷದ ನಂತರ, 1956ರಲ್ಲಿ, ಅರಿಯಲೂರಿನ ರೈಲು ಅಪಘಾತದ ಹೊಣೆ ಹೊತ್ತು ಲಾಲ್ ಬಹದ್ದೂರ್ ಶಾಸ್ತ್ರಿ ರಾಜೀನಾಮೆ ಕೊಟ್ಟರು. ಅದನ್ನು ಶಾಲೆಯಲ್ಲಿ ಓದದ ಮಗುವಿಲ್ಲ. ಭಾಷಣ ಸ್ಪರ್ಧೆಗಳಲ್ಲಿ ನಾವೇ ಅದನ್ನು ಹೇಳಿ ಸ್ಟೀಲ್ ಲೋಟ ಗೆದ್ದಿದ್ದೇವೆ. ಶಾಸ್ತ್ರಿಯವರ ದೊಡ್ಡತನವನ್ನು ನಾವು ಕಡಿಮೆ ಮಾಡುತ್ತಿಲ್ಲ. ಆದರೆ ವ್ಯತ್ಯಾಸ ಗಮನಿಸಿ. ಅಪಘಾತದ ಹೊಣೆ ಹೊತ್ತವರು ಯಾರೊಂದಿಗೂ ಜಗಳ ಆಡಿರಲಿಲ್ಲ. ಗಿರಿ ಜಗಳ ಆಡಿದ್ದರು. ದುಡಿಯುವವರ ಪರ ನಿಂತು ತಮ್ಮದೇ ಸಂಪುಟದ ವಿರುದ್ಧ ಎದ್ದು ಹೋಗಿದ್ದರು. ಪಠ್ಯಪುಸ್ತಕಗಳಿಗೆ ವಿನಯದ ರಾಜೀನಾಮೆ ಇಷ್ಟ, ಜಗಳದ ರಾಜೀನಾಮೆ ಕಷ್ಟ.

ಇರಲಿ. ಕೊನೆಗೆ ಸರಿಯಾದದ್ದು ಯಾರು? ಇದನ್ನು ಚರ್ಚೆಯಿಂದ ತೀರ್ಮಾನಿಸಬೇಕಿಲ್ಲ, ಬ್ಯಾಂಕುಗಳೇ ಉತ್ತರ ಕೊಟ್ಟಿವೆ. ಅವಾರ್ಡುಗಳ ಹಿಂದೆ ಓಡಿ ಸುಸ್ತಾದ ಬ್ಯಾಂಕ್ ನೌಕರರು ಕೊನೆಗೆ ಬ್ಯಾಂಕ್ ಮಾಲೀಕರ ಸಂಘದೊಂದಿಗೆ ನೇರ ಮಾತುಕತೆಗೆ ಕೂತರು. 1966ರ ಅಕ್ಟೋಬರ್‌ನಲ್ಲಿ ಮೊದಲ ದ್ವಿಪಕ್ಷೀಯ ಒಪ್ಪಂದಕ್ಕೆ ಸಹಿ ಬಿತ್ತು. ಅವತ್ತಿನಿಂದ ಇವತ್ತಿನವರೆಗೆ ಬ್ಯಾಂಕ್ ನೌಕರರ ಸಂಬಳ ತೀರ್ಮಾನವಾಗುತ್ತಿರುವುದು ಹೀಗೆಯೇ. 2024ರ ಮಾರ್ಚ್‌ನಲ್ಲಿ 12ನೆಯ ಒಪ್ಪಂದವಾಗಿ ಶೇ 17ರಷ್ಟು ಏರಿಕೆ ಸಿಕ್ಕಿತು. ಗಿರಿ ಯಾವ ವಿಷಯದಲ್ಲಿ ಸೋತು ಹೊರನಡೆದರೋ ಅದೇ ವಿಷಯದಲ್ಲಿ ಅವರ ಮಾರ್ಗ ಗೆದ್ದಿತು. ಆ ಮೊದಲ ಒಪ್ಪಂದವಾದ ದಿನ ಅವರು ನಮ್ಮದೇ ಬೆಂಗಳೂರಿನ ರಾಜಭವನದಲ್ಲಿ ಮೈಸೂರು ರಾಜ್ಯಪಾಲರಾಗಿದ್ದರು.

ಇಲ್ಲಿಗೆ ನಿಲ್ಲಿಸಿದರೆ ಇದು ಜಯಂತಿ ಭಾಷಣವಾಗುತ್ತದೆ. ಗಿರಿಯವರನ್ನು ದೇವರು ಮಾಡುವ ಉದ್ದೇಶ ನಮಗಿಲ್ಲ. 1974ರ ಮೇ ತಿಂಗಳು ನೆನಪಿಸಿಕೊಳ್ಳಿ. ಮಂಗಳೂರಿನಲ್ಲಿ ಹುಟ್ಟಿದ ಜಾರ್ಜ್ ಫರ್ನಾಂಡಿಸ್ ನೇತೃತ್ವದಲ್ಲಿ ಸುಮಾರು 17 ಲಕ್ಷ ರೈಲ್ವೆ ನೌಕರರು ಮುಷ್ಕರ ಹೂಡಿದರು. ಫರ್ನಾಂಡಿಸ್ ಆಗ ಯಾವ ಸಂಘದ ಅಧ್ಯಕ್ಷರು? ಅದೇ ಅಖಿಲ ಭಾರತ ರೈಲ್ವೆ ನೌಕರರ ಫೆಡರೇಷನ್. ಗಿರಿ ಕಟ್ಟಿದವರಲ್ಲೊಬ್ಬರಾಗಿದ್ದ ಅದೇ ಸಂಘ. ಮುಷ್ಕರ ಶುರುವಾಗುವ ಮೊದಲೇ ನಾಯಕರನ್ನು ಜೈಲಿಗೆ ಹಾಕಲಾಯಿತು. ಸಾವಿರಾರು ನೌಕರರನ್ನು ಬಂಧಿಸಲಾಯಿತು, ಕೆಲಸದಿಂದ ತೆಗೆಯಲಾಯಿತು, ಕುಟುಂಬಗಳನ್ನು ರೈಲ್ವೆ ಕ್ವಾರ್ಟರ್ಸ್‌ನಿಂದ ಹೊರದಬ್ಬಲಾಯಿತು. 20 ದಿನದಲ್ಲಿ ಮುಷ್ಕರ ಮುರಿಯಿತು. ಇದೆಲ್ಲ ನಡೆದದ್ದು ರಾಷ್ಟ್ರಪತಿ ವಿ.ವಿ. ಗಿರಿಯವರ ಹೆಸರಿನ ಸರ್ಕಾರದಲ್ಲಿ. 1954ರಲ್ಲಿ ಗುಮಾಸ್ತರ ಸಂಬಳಕ್ಕಾಗಿ ಕುರ್ಚಿ ಬಿಟ್ಟವರು 1974ರಲ್ಲಿ ತಮ್ಮದೇ ಸಂಘ ಮುರಿಯುವಾಗ ಕುರ್ಚಿ ಬಿಡಲಿಲ್ಲ. ಆಗಸ್ಟ್‌ನಲ್ಲಿ ಅವಧಿ ಪೂರ್ಣಗೊಳಿಸಿ ನಿವೃತ್ತರಾದರು. ಮರುವರ್ಷ ಭಾರತರತ್ನ ಬಂತು.

ರಾಷ್ಟ್ರಪತಿಗೆ ಅಧಿಕಾರ ಎಲ್ಲಿದೆ ಎಂದು ಕೇಳುವವರಿದ್ದಾರೆ. ಸರಿ, ಅಧಿಕಾರ ಇಲ್ಲ. ರಾಜೀನಾಮೆ ಕೊಡುವ ಅಧಿಕಾರ ಮಾತ್ರ ಎಲ್ಲರಿಗೂ ಇರುತ್ತದೆ, ಅದನ್ನು ಅವರು ಒಮ್ಮೆ ಬಳಸಿಯೂ ಇದ್ದರು. ಆದರೆ ನಮಗೆ ಇದರಲ್ಲಿ ಅವರ ವೈಯಕ್ತಿಕ ಸೋಲಿಗಿಂತ ಅವರ ಮಾತಿನ ಸತ್ಯವೇ ಹೆಚ್ಚು ಕಾಣುತ್ತದೆ. ಎಷ್ಟೇ ಒಳ್ಳೆಯವರಾದರೂ ಮೇಲೆ ಕೂತವರನ್ನು ನಂಬಿ ಕೂರಬೇಡಿ ಎಂದು ಅವರು ಹೇಳುತ್ತಿದ್ದರು. ಕೊನೆಗೆ ತಾವೇ ಅದಕ್ಕೆ ಉದಾಹರಣೆಯಾದರು.

ಗಿರಿ ಮಾರ್ಗಕ್ಕೆ ಒಂದು ಗಟ್ಟಿ ಆಕ್ಷೇಪ ಇದೆ, ಅದನ್ನು ಮುಚ್ಚಿಡಬಾರದು. ಸಂಘ ಬಲವಾಗಿದ್ದರೆ ಎದುರು ಕೂತು ಮಾತಾಡಬಹುದು. ಸಂಘವೇ ಇಲ್ಲದವರು? ಮನೆಯಲ್ಲಿ ಬೀಡಿ ಸುತ್ತುವ ಹೆಂಗಸು, ಇಟ್ಟಿಗೆ ಗೂಡಿನಲ್ಲಿ ಮುಂಗಡ ತೆಗೆದುಕೊಂಡು ಸಿಕ್ಕಿಬಿದ್ದ ಕುಟುಂಬ, ಕಾಫಿ ತೋಟದ ಲೈನ್‌ಮನೆಯಲ್ಲಿರುವ ವಲಸೆ ಆಳು, ಇವರು ಯಾರ ಎದುರು ಕೂರಬೇಕು? ಇವರಿಗೆ ಅಧಿಕಾರಿ ಬೇಕು, ಕಾನೂನು ಬೇಕು, ತಪಾಸಣೆ ಬೇಕು. ಅಂದು ಗಿರಿಯವರನ್ನು ವಿರೋಧಿಸಿದ ಸಂಘಗಳ ಭಯವೂ ಇದೇ: ನಾವಿನ್ನೂ ಎಳೆಯರು, ಆಸರೆ ತೆಗೆದರೆ ಬೀಳುತ್ತೇವೆ. ಈ ಮಾತನ್ನು ನಾವು ಒಪ್ಪುತ್ತೇವೆ. ಹಳ್ಳಿಯ ಕೂಲಿಯ ಮಟ್ಟಿಗೆ ಗಿರಿ ಮಾರ್ಗ ಒಂದೇ ಸಾಲದು.

ಆದ್ದರಿಂದ ನಮ್ಮ ಮುಂದಿರುವುದು ಎರಡು ದಾರಿ ಎಂದಿಟ್ಟುಕೊಳ್ಳೋಣ. ಒಂದು, ಬಲವಾದ ಅಧಿಕಾರಿ ಕಾರ್ಮಿಕನನ್ನು ಕಾಯುವುದು. ಇನ್ನೊಂದು, ಬಲವಾದ ಸಂಘ ತನ್ನನ್ನು ತಾನೇ ಕಾಯ್ದುಕೊಳ್ಳುವುದು. ಯಾವುದು ಮೇಲು ಎಂದು 1952ರಲ್ಲಿ ಪ್ರಾಮಾಣಿಕ ಜಗಳ ನಡೆಯಿತು. ಇವತ್ತಿನ ಸರ್ಕಾರಗಳು ಆ ಜಗಳವನ್ನು ಬಹಳ ಸುಲಭವಾಗಿ ಬಗೆಹರಿಸಿವೆ: ಎರಡೂ ಬೇಡ!

2020ರ ಸೆಪ್ಟೆಂಬರ್‌ನಲ್ಲಿ, ವಿರೋಧ ಪಕ್ಷಗಳು ಸದನ ಬಹಿಷ್ಕರಿಸಿದ್ದಾಗ, ಮೂರು ಕಾರ್ಮಿಕ ಸಂಹಿತೆಗಳು ಎರಡು ದಿನದಲ್ಲಿ ಸಂಸತ್ತಿನ ಎರಡೂ ಸದನ ದಾಟಿದವು. 2019ರ ವೇತನ ಸಂಹಿತೆ ಸೇರಿ ನಾಲ್ಕೂ 2025ರ ನವೆಂಬರ್ 21ರಂದು ಜಾರಿಗೆ ಬಂದವು. ಅವುಗಳಲ್ಲಿ ಒಳ್ಳೆಯದೇನೂ ಇಲ್ಲ ಎಂದು ನಾವು ಹೇಳುವುದಿಲ್ಲ. ಶೇ 51ರಷ್ಟು ಕಾರ್ಮಿಕರ ಬೆಂಬಲವಿರುವ ಸಂಘದೊಂದಿಗೆ ಮಾಲೀಕ ಮಾತುಕತೆ ನಡೆಸಬೇಕು ಎಂಬ ವಿಧಿ ಇದೆ. ಸಂಧಾನ ಮುರಿದರೆ ಸರ್ಕಾರದ ಅಪ್ಪಣೆಗೆ ಕಾಯದೆ ನೇರವಾಗಿ ನ್ಯಾಯಮಂಡಳಿಗೆ ಹೋಗಬಹುದು. ಗಿರಿ ಇದ್ದಿದ್ದರೆ ಈ ಎರಡು ಸಾಲುಗಳಿಗೆ ತಲೆಯಾಡಿಸುತ್ತಿದ್ದರೇನೋ.

ಆಮೇಲೆ ಮುಂದಿನ ಪುಟ ತಿರುವುತ್ತಿದ್ದರು. ಮೊದಲು ನೀರು, ವಿದ್ಯುತ್ತು, ರೈಲಿನಂಥ ಸಾರ್ವಜನಿಕ ಸೇವೆಗಳಿಗೆ ಮಾತ್ರ ಇದ್ದ ಮುಂಗಡ ನೋಟಿಸಿನ ಕಟ್ಟು ಈಗ ಎಲ್ಲ ಕಾರ್ಖಾನೆಗೂ ಬಂದಿದೆ. 14 ದಿನ ಮೊದಲು ನೋಟಿಸ್ ಕೊಡಬೇಕು. ನೋಟಿಸ್ ಬಂದ ಮೇಲೆ ಸಂಧಾನ ಶುರು. ಸಂಧಾನ ನಡೆಯುವಾಗ ಮುಷ್ಕರ ನಿಷಿದ್ಧ. ಅಂದರೆ ಮುಷ್ಕರ ಮಾಡುತ್ತೇವೆ ಎಂದು ಹೇಳಿದರೆ ಮುಷ್ಕರ ಮಾಡುವಂತಿಲ್ಲ, ಹೇಳದೆ ಮಾಡಿದರೆ ಅದು ಅಕ್ರಮ. ಅರ್ಧಕ್ಕಿಂತ ಹೆಚ್ಚು ಜನ ಒಟ್ಟಿಗೆ ಸಾಂದರ್ಭಿಕ ರಜೆ ಹಾಕಿದರೂ ಅದು ಮುಷ್ಕರವೇ. ಕೆಲಸಗಾರರನ್ನು ತೆಗೆಯಲು, ಕಾರ್ಖಾನೆ ಮುಚ್ಚಲು ಸರ್ಕಾರದ ಅನುಮತಿ ಬೇಕೆಂಬ ಮಿತಿ 100 ಕಾರ್ಮಿಕರಿಂದ 300ಕ್ಕೆ ಏರಿದೆ. ಕೈ ಕಟ್ಟಿಹಾಕಿ, ಎದುರು ಕೂತು ಮಾತಾಡು ಎಂದರೆ ಅದು ಮಾತುಕತೆಯಲ್ಲ, ಬೇಡಿಕೊಳ್ಳುವುದು.

ಸಂಘದ ಕೈ ಕಟ್ಟಿಯಾಯಿತು. ಅಧಿಕಾರಿಯ ಕತೆ? ಅವರಿಗೆ ಹೊಸ ಹೆಸರು ಬಂದಿದೆ: ಇನ್‌ಸ್ಪೆಕ್ಟರ್ ಕಮ್ ಫೆಸಿಲಿಟೇಟರ್. ಅರ್ಧ ತಪಾಸಣೆ, ಅರ್ಧ ಸಹಾಯ. ಯಾರಿಗೆ ಸಹಾಯ ಎಂದು ಕೇಳಬೇಡಿ. ಯಾವ ಕಾರ್ಖಾನೆಗೆ ಹೋಗಬೇಕೆಂಬುದನ್ನೂ ಕಂಪ್ಯೂಟರ್ ಚೀಟಿ ಎತ್ತಿ ಹೇಳುವ ವ್ಯವಸ್ಥೆ. ನಮ್ಮ ತಾಲ್ಲೂಕಿನ ಕಾರ್ಮಿಕ ನಿರೀಕ್ಷಕರ ಕಚೇರಿಗೆ ಹೋಗಿ ನೋಡಿ. ಊರವರಿಗೆ ಅದು ‘ಲೇಬರ್ ಕಾರ್ಡ್ ಆಫೀಸು’. ಕಟ್ಟಡ ಕಾರ್ಮಿಕರ ಕಾರ್ಡು, ಮಕ್ಕಳ ಸ್ಕಾಲರ್‌ಶಿಪ್ಪು, ಮದುವೆ ಸಹಾಯಧನ, ಅರ್ಜಿಗಳ ರಾಶಿ. ಅವು ಬೇಡವೆಂದಲ್ಲ, ಬೇಕು. ಆದರೆ ಕನಿಷ್ಠ ಕೂಲಿ ಕೊಡದ ಮಾಲೀಕನ ಗೇಟು ತಟ್ಟಲು ಆ ನಿರೀಕ್ಷಕರಿಗೆ ಯಾವ ದಿನ ಬಿಡುವು?

ಇದೆಲ್ಲ ದೆಹಲಿಯ ಮಾತು ಎನಿಸಿದರೆ ನಮ್ಮದೇ ರಾಜ್ಯದ 417 ರೂಪಾಯಿಯ ಕತೆ ಕೇಳಿ. ರಾಮನಗರ, ಮಂಡ್ಯ ಕಡೆಯ ಹಳ್ಳಿಗಳಿಂದ ಬೆಳಗಿನ ಜಾವ ವ್ಯಾನುಗಳಲ್ಲಿ ತುಂಬಿಕೊಂಡು ಗಾರ್ಮೆಂಟ್ ಕಾರ್ಖಾನೆಗಳಿಗೆ ಹೋಗುವ ನಮ್ಮ ಅಕ್ಕಂದಿರಿಗೆ 2020ರ ಏಪ್ರಿಲ್‌ನಿಂದ ತುಟ್ಟಿಭತ್ಯೆ ತಿಂಗಳಿಗೆ 417 ರೂಪಾಯಿ ಏರಬೇಕಿತ್ತು. ದಿನಕ್ಕೆ 16 ರೂಪಾಯಿ. ಅದನ್ನೂ ಕೊಡಬೇಕಿಲ್ಲ, ಮುಂದೂಡಿ ಎಂದು ಜುಲೈನಲ್ಲಿ ಆದೇಶ ಬಂತು. ಆದೇಶ ಹೊರಡಿಸಿದ್ದು ಕಾರ್ಖಾನೆ ಮಾಲೀಕರ ಸಂಘವಲ್ಲ, ರಾಜ್ಯ ಸರ್ಕಾರ. ಕಾರ್ಮಿಕರನ್ನು ಕಾಯಬೇಕಾದ ಇಲಾಖೆ ಅದಕ್ಕೆ ಅಡ್ಡ ನಿಲ್ಲಲಿಲ್ಲ. ಕಾರ್ಮಿಕರ ಸಂಘ ಹೈಕೋರ್ಟಿಗೆ ಹೋಯಿತು. ಸೆಪ್ಟೆಂಬರ್‌ನಲ್ಲಿ ಕೋರ್ಟು ಆ ಆದೇಶಕ್ಕೆ ತಡೆ ಕೊಟ್ಟಿತು. ಆಮೇಲಾದರೂ ಹಣ ಬಂತೇ? ವರ್ಷ ಕಳೆದರೂ ಬರಲಿಲ್ಲ. ನಾಲ್ಕು ಲಕ್ಷಕ್ಕೂ ಹೆಚ್ಚು ಕಾರ್ಮಿಕರ ಬಾಕಿ ಎಂದು ವಿದೇಶದ ಕಾರ್ಮಿಕ ಹಕ್ಕು ಸಂಸ್ಥೆಯೊಂದು ಲೆಕ್ಕ ಹಾಕಿ, ಬಟ್ಟೆ ಕೊಳ್ಳುವ ದೊಡ್ಡ ಬ್ರ್ಯಾಂಡ್‌ಗಳ ಮೇಲೆ ಒತ್ತಡ ತಂದ ಮೇಲೆ ಕಾರ್ಖಾನೆಗಳು ಕೈಚೀಲ ಬಿಚ್ಚಿದವು.

ಗಮನಿಸಿ. ಕಾನೂನು ಇತ್ತು, ಇಲಾಖೆ ಇತ್ತು, ಅಧಿಕಾರಿಗಳಿದ್ದರು, ಹೈಕೋರ್ಟಿನ ಮಾತೂ ಇತ್ತು. ದಿನಕ್ಕೆ 16 ರೂಪಾಯಿ ವಸೂಲು ಮಾಡಲು ಅಮೆರಿಕದಿಂದ ಒತ್ತಡ ಬರಬೇಕಾಯಿತು. ಈ ಅವಮಾನಕ್ಕೆ ಯಾವ ಮಂತ್ರಿಯೂ ಗಿರಿಯವರಂತೆ ಎದ್ದು ಹೋಗಲಿಲ್ಲ.

ಅದೇ 2020ರ ಜೂನ್‌ನಲ್ಲಿ ಶ್ರೀರಂಗಪಟ್ಟಣದ ಗಾರ್ಮೆಂಟ್ ಕಾರ್ಖಾನೆಯೊಂದು ಸುಮಾರು 1,200 ಜನರನ್ನು ಮನೆಗೆ ಕಳಿಸಿತು. ಹೆಚ್ಚಿನವರು ಹಳ್ಳಿಯ ಹೆಣ್ಣುಮಕ್ಕಳು. ಅವರು ವಾರಗಟ್ಟಲೆ ಕಾರ್ಖಾನೆಯ ಆವರಣದಲ್ಲೇ ಕೂತರು. ಕೊನೆಗೆ 2021ರ ಆರಂಭದಲ್ಲಿ ದಾರಿ ತೆರೆದದ್ದು ಸಂಘವೂ ಕಂಪನಿಯೂ ಮಾತಾಡಿ ಮಾಡಿಕೊಂಡ ಒಪ್ಪಂದದಿಂದ. ನೈನಿತಾಲ್‌ನಲ್ಲಿ ಗಿರಿ ಹೇಳಿದ್ದು ಇದನ್ನೇ ಅಲ್ಲವೇ?

ಇನ್ನೊಂದು ಬಗೆಯ ಜನರಿದ್ದಾರೆ, ಅವರಿಗೆ ಎದುರು ಕೂರಲು ಮಾಲೀಕನೇ ಸಿಗುವುದಿಲ್ಲ. ಆಶಾ ಕಾರ್ಯಕರ್ತೆಗೆ ಸಂಬಳವಲ್ಲ, ‘ಗೌರವಧನ’. ಅವಳು ಕಾರ್ಮಿಕಳಲ್ಲ, ‘ಸ್ವಯಂಸೇವಕಿ’. 2025ರ ಜನವರಿಯ ಚಳಿಯಲ್ಲಿ ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಕೂತ ಮೇಲೆ ತಿಂಗಳಿಗೆ 10 ಸಾವಿರದ ಭರವಸೆ ಸಿಕ್ಕಿತು. ಹಳ್ಳಿಯಲ್ಲಿ ಹೆಬ್ಬೆಟ್ಟು ಒತ್ತಿಸಿಕೊಂಡು ಪಿಂಚಣಿ ಹಂಚುವ ಬ್ಯಾಂಕ್ ಮಿತ್ರನಿಗೆ ಕಮಿಷನ್ ಮಾತ್ರ. 12ನೆಯ ದ್ವಿಪಕ್ಷೀಯ ಒಪ್ಪಂದದ ಶೇ 17 ಅವನ ಮನೆಯ ಹತ್ತಿರವೂ ಸುಳಿಯಲಿಲ್ಲ. ಬ್ಯಾಂಕ್ ನೌಕರರ ಸಂಘಗಳಿಗೂ ನಾವು ಇದನ್ನು ಹೇಳಬೇಕು: ಗಿರಿ ನಿಮಗಾಗಿ ಕುರ್ಚಿ ಬಿಟ್ಟರು, ನೀವು ಬ್ಯಾಂಕ್ ಮಿತ್ರರಿಗಾಗಿ ಮೇಜಿನಲ್ಲಿ ಒಂದು ಕುರ್ಚಿ ಕೇಳಿ.

ಈಗ ನಮ್ಮ ಸರದಿ. ಬೇರೆಯವರನ್ನು ಬೈದು ನಾವು ತಪ್ಪಿಸಿಕೊಳ್ಳುವುದು ನ್ಯಾಯವಲ್ಲ. ಗಿರಿಯವರನ್ನು ಮರೆಸಿದ್ದರಲ್ಲಿ ನಮ್ಮ ಕಸುಬಿನ ಪಾಲು ದೊಡ್ಡದು. 2021ರ ಏಪ್ರಿಲ್‌ನಲ್ಲಿ ಸಾರಿಗೆ ನೌಕರರು ಎರಡು ವಾರ ಬಸ್ಸು ನಿಲ್ಲಿಸಿದಾಗ ನಾವು ಬರೆದದ್ದೇನು? ‘ಪ್ರಯಾಣಿಕರ ಪರದಾಟ’, ‘ಜನಜೀವನ ಅಸ್ತವ್ಯಸ್ತ’. ಬಸ್ ಸ್ಟ್ಯಾಂಡಿನಲ್ಲಿ ಮಗು ಎತ್ತಿಕೊಂಡು ನಿಂತ ತಾಯಿಯ ಫೋಟೋ. ಆ ಪರದಾಟ ಸುಳ್ಳಲ್ಲ. ಆದರೆ ಕಂಡಕ್ಟರ್‌ನ ಸಂಬಳದ ಚೀಟಿಯ ಫೋಟೋ ಎಷ್ಟು ಪತ್ರಿಕೆಯಲ್ಲಿ ಬಂತು? ನೌಕರರ ಯಾವ ಸಂಘದೊಂದಿಗೆ ಸರ್ಕಾರ ಮಾತಾಡಬೇಕು, ಯಾಕೆ ಮಾತಾಡುತ್ತಿಲ್ಲ ಎಂದು ಎಷ್ಟು ಜನ ಬರೆದೆವು? ಕ್ರೈಮಿಗೆ ವರದಿಗಾರರಿದ್ದಾರೆ, ಸಿನಿಮಾಕ್ಕಿದ್ದಾರೆ, ಜ್ಯೋತಿಷ್ಯಕ್ಕೂ ಪುಟವಿದೆ. ದುಡಿಮೆಗೆ ಇಲ್ಲ. ತಾಲ್ಲೂಕು ವರದಿಗಾರನಿಗೇ ಸುದ್ದಿಗಿಷ್ಟೆಂದು ಪುಡಿಗಾಸು ಕೊಡುವ ಕಡೆ ಇನ್ನೊಬ್ಬರ ಕನಿಷ್ಠ ಕೂಲಿಯ ಬಗ್ಗೆ ಬರೆಯಲು ಬಾಯಿ ಹೇಗೆ ಬರಬೇಕು?

ಹಾಗಾಗಿ ನಾವು ಕೇಳುವುದು ಮೂರೇ. ಮೊದಲನೆಯದು, ಭಾರತೀಯ ಕಾರ್ಮಿಕ ಸಮ್ಮೇಳನ ಕರೆಯಿರಿ. ಗಿರಿ ತಮ್ಮ ವಿರೋಧಿಗಳನ್ನೆಲ್ಲ ಎದುರು ಕೂರಿಸಿಕೊಂಡು ಸೋತ ಸಭೆ ಅದು. ಸೋಲುತ್ತೇನೆಂದು ಗೊತ್ತಿದ್ದರೂ ಕರೆದರು. ಆ ಸಮ್ಮೇಳನ ಕೊನೆಯ ಬಾರಿಗೆ ನಡೆದದ್ದು 2015ರ ಜುಲೈನಲ್ಲಿ. ನಾಲ್ಕು ಸಂಹಿತೆಗಳು ಬಂದವು, ಒಂದು ಸಮ್ಮೇಳನ ನಡೆಯಲಿಲ್ಲ. ಎರಡನೆಯದು, ರಾಜ್ಯ ಸರ್ಕಾರಕ್ಕೆ: ಕನಿಷ್ಠ ಕೂಲಿಯ ತಪಾಸಣೆಗೆಂದೇ ತಾಲ್ಲೂಕಿಗೊಬ್ಬ ನಿರೀಕ್ಷಕರನ್ನು ಬಿಟ್ಟುಕೊಡಿ, ಕಾರ್ಡಿನ ಅರ್ಜಿಗೆ ಬೇರೆಯವರನ್ನು ಕೂರಿಸಿ. ಸಂಘ ಇಲ್ಲದವರಿಗೆ ಅಧಿಕಾರಿಯೇ ಆಸರೆ. ಮೂರನೆಯದು ನಮಗೇ: ಮುಷ್ಕರದ ವರದಿ ಬರೆಯುವಾಗ ಬೇಡಿಕೆ ಏನು, ನೋಟಿಸ್ ಕೊಟ್ಟದ್ದು ಯಾವಾಗ, ಮಾತುಕತೆಗೆ ಬಾರದವರು ಯಾರು ಎಂಬ ಮೂರು ಸಾಲು ಬರೆಯದೆ ಸುದ್ದಿ ಕಳಿಸುವುದಿಲ್ಲ ಎಂದು ಪಣ ತೊಡೋಣ.

ಗೈಡು ಬರೆಯುವ ಮೇಷ್ಟ್ರುಗಳಿಗೂ ಒಂದು ವಿನಂತಿ. ಮುಂದಿನ ಆವೃತ್ತಿಯಲ್ಲಿ ಆ ಪಕ್ಷೇತರದ ಪ್ರಶ್ನೆ ಇರಲಿ. ಅದರ ಕೆಳಗೆ ಇನ್ನೊಂದು ಸೇರಿಸಿ: ‘ನ್ಯಾಯಮಂಡಳಿ ನೌಕರರಿಗೆ ಕೊಟ್ಟಿದ್ದನ್ನು ಸರ್ಕಾರ ಕಿತ್ತುಕೊಂಡಾಗ ರಾಜೀನಾಮೆ ಕೊಟ್ಟ ಕೇಂದ್ರ ಕಾರ್ಮಿಕ ಸಚಿವರು ಯಾರು?’ ಒಂದು ಅಂಕ ಸಾಕು. ನಾಳೆ ಕಾರ್ಮಿಕ ನಿರೀಕ್ಷಕರ ಹುದ್ದೆಗೆ ಪರೀಕ್ಷೆ ಬರೆಯುವ ಹುಡುಗಿಯೊಬ್ಬಳು ಆ ಉತ್ತರಕ್ಕೆ ಗುರುತು ಹಾಕುವಾಗ, ತಾನು ಕೂರಲಿರುವ ಕುರ್ಚಿಯನ್ನು ಹಿಂದೊಬ್ಬರು ಬಿಟ್ಟು ಹೋಗಿದ್ದರು ಎಂಬುದು ಅವಳಿಗೆ ಗೊತ್ತಾಗಲಿ.